ಕೈಕಟ್ಟಿ ನಿಂತವರ ಕಾಲು

2008ನೇ ಇಸವಿ ಇರಬೇಕು. ಬೆಂಗಳೂರಿನ ಒಂದು ಪಬ್ಬು, ಶುಕ್ರವಾರ ಸಂಜೆ. ಆಫೀಸು ಮುಗಿಸಿಕೊಂಡು ಐದು ಜನ ಹೋಗಿದ್ದೆವು. ಪಬ್ಬಿನ ಹೆಸರು ಬೇಡ, ಆಗ ಎಲ್ಲ ಕಡೆ ಅದೇ ಕತೆ. ಮೇಜಿನ ಮೇಲೆ ಕಡ್ಲೆಬೀಜದ ಮಸಾಲ, ಒಂದು ಪಿಚರ್ ಬಿಯರು. ಮಾತು ಅಪ್ರೈಸಲ್ ಸುತ್ತ ಗಿರಕಿ ಹೊಡೆಯುತ್ತಿತ್ತು. ಅಷ್ಟರಲ್ಲಿ ಸ್ಪೀಕರಿನಲ್ಲಿ ಒಂದು ಹಾಡು ಬಂತು. ಕಿತ್ತಾಡುವ ಗಿಟಾರು, ಕೆಳಗೆ ದಪ್ಪ ದನಿಯ ಬೇಸ್ ಗಿಟಾರು, ಯಾರೋ ಗಂಟಲು ಹರಿದುಕೊಂಡು ಕೂಗುವುದು. ಇದೆಲ್ಲದರ ಮೇಲೆ ದನದ ಕೊರಳಿನ ಗಂಟೆ. ಟಣ್ ಟಣ್ ಟಣ್ ಅಂತ ಬಿಡದೆ.

ನಮ್ಮಲ್ಲೊಬ್ಬ ಎದ್ದು ನಿಂತ. ಕುಣಿದ ಅಂತ ಹೇಳುವ ಹಾಗೂ ಇರಲಿಲ್ಲ, ಸುಮ್ನೆ ಭುಜ ಅಲ್ಲಾಡಿಸಿದ. ವೇಟರ್ ಓಡಿಬಂದ.

"ಸಾರ್, ಡ್ಯಾನ್ಸ್ ಮಾಡಂಗಿಲ್ಲ ಸಾರ್. ಪೊಲೀಸ್ರು ಬಂದ್ರೆ ನಮಗೆ ಪ್ರಾಬ್ಲಮ್ಮು. ಕೂತ್ಕೊಂಡು ಕೇಳಿ ಸಾರ್, ಪ್ಲೀಸ್."

ಪಾಪ, ಅವನ ಮುಖ ನೋಡಿದರೆ ನಮಗಿಂತ ಜಾಸ್ತಿ ಅವನಿಗೇ ನಾಚಿಕೆಯಾಗಿತ್ತು. ಕೂತೆವು. ಮೇಜಿನ ಕೆಳಗೆ ಹತ್ತು ಮೊಣಕಾಲು ಕುಣಿಯುತ್ತಿದ್ದವು. ಪಿಚರಿನಲ್ಲಿದ್ದ ಬಿಯರು ನಡುಗುತ್ತಿತ್ತು.

ಆ ಹಾಡಿನ ಹೆಸರು 'ಹೌಸ್ ಆಫ್ ಜೆಲಸ್ ಲವರ್ಸ್'. ಬ್ಯಾಂಡಿನ ಹೆಸರು ದಿ ರ‍್ಯಾಪ್ಚರ್. 2002ರಲ್ಲಿ ನ್ಯೂಯಾರ್ಕಿನಿಂದ ಬಂದದ್ದು. ಈ ಬಗೆಯ ಸಂಗೀತಕ್ಕೆ ಡ್ಯಾನ್ಸ್-ಪಂಕ್ ಅನ್ನುತ್ತಾರೆ, ಪಂಕ್ ರಾಕ್‌ಗೆ ಕುಣಿತದ ತಾಳ ಹಾಕಿದ್ದು. ಎಷ್ಟೋ ವರ್ಷ ಆದಮೇಲೆ ಒಂದು ವಿಷಯ ಗೊತ್ತಾಗಿ ನಗು ಬಂತು. ಆ ಹಾಡು ಹುಟ್ಟಿದಾಗ ನ್ಯೂಯಾರ್ಕಿನ ಬಾರುಗಳಲ್ಲೂ ಕುಣಿಯುವ ಹಾಗಿರಲಿಲ್ಲ!

ನಿಜವಾಗಿ. 1926ರಲ್ಲಿ ಅಲ್ಲಿ ಕ್ಯಾಬರೆ ಕಾಯ್ದೆ ಅಂತ ಒಂದು ತಂದಿದ್ದರು. ತಿನ್ನುವುದು ಕುಡಿಯುವುದು ನಡೆಯುವ ಜಾಗದಲ್ಲಿ ಜನ ಕುಣಿಯಬೇಕಾದರೆ ಮಾಲೀಕನ ಹತ್ತಿರ ಬೇರೆ ಲೈಸೆನ್ಸ್ ಇರಬೇಕು. ಹಾರ್ಲೆಮ್‌ನ ಜಾಝ್ ಕ್ಲಬ್ಬುಗಳಲ್ಲಿ ಕಪ್ಪು ಜನರೂ ಬಿಳಿಯರೂ ಒಟ್ಟಿಗೆ ಕುಣಿಯುತ್ತಿದ್ದದ್ದು ಕೆಲವರ ಕಣ್ಣಿಗೆ ಚುಚ್ಚಿತ್ತು, ಅದಕ್ಕೇ ಈ ಕಾಯ್ದೆ ಬಂತು ಅಂತ ಬಹಳ ಇತಿಹಾಸಕಾರರು ಬರೆದಿದ್ದಾರೆ. ಆಮೇಲೆ ಅದು ಮೂಲೆ ಸೇರಿತ್ತು. 1990ರ ದಶಕದಲ್ಲಿ ಮೇಯರ್ ರೂಡಿ ಜೂಲಿಯಾನಿ ಅದನ್ನು ಧೂಳು ಕೊಡವಿ ಎತ್ತಿಕೊಂಡರು. ಬಾರುಗಳಲ್ಲಿ 'ಕುಣಿಯಬಾರದು' ಅನ್ನುವ ಬೋರ್ಡು ಬಂತು. ಚಿಕ್ ಚಿಕ್ ಚಿಕ್ ಅಂತ ಒಂದು ಬ್ಯಾಂಡಿದೆ. ಹೆಸರು ಬರೆಯುವುದು ಬರೀ ಮೂರು ಆಶ್ಚರ್ಯಸೂಚಕ ಚಿಹ್ನೆಯಲ್ಲಿ. ಅವರು 2003ರಲ್ಲಿ ಜೂಲಿಯಾನಿ ಹೆಸರನ್ನೇ ಶೀರ್ಷಿಕೆಯಲ್ಲಿಟ್ಟು ಒಂಬತ್ತು ನಿಮಿಷದ ಹಾಡು ಮಾಡಿದರು. ಕೇಳಿದರೆ ಕೂತಿರಲು ಆಗುವುದಿಲ್ಲ.

ನಮ್ಮ ಬೆಂಗಳೂರಿನದು 2005ರ ಆದೇಶ. ಲೈವ್ ಬ್ಯಾಂಡು, ಕ್ಯಾಬರೆ, ಡಿಸ್ಕೋತೆಕ್ ಎಲ್ಲಕ್ಕೂ ಪೊಲೀಸ್ ಕಮಿಷನರ್ ಲೈಸೆನ್ಸ್ ಬೇಕು ಅಂತ. ನಮ್ಮ ಪತ್ರಿಕೆಗಳಲ್ಲಿ 'ಲೈವ್ ಬ್ಯಾಂಡ್ ಮೇಲೆ ದಾಳಿ' ಅಂತ ಸುದ್ದಿ ಬಂದರೆ ಯಾರೂ ಗಿಟಾರು ಡ್ರಮ್ಮು ನೆನೆಸಿಕೊಳ್ಳುತ್ತಿರಲಿಲ್ಲ, ಆ ಮಾತಿಗೆ ಊರಲ್ಲಿ ಬೇರೆಯೇ ಅರ್ಥ ಇತ್ತು, ಹುಡುಗಿಯರನ್ನು ಕುಣಿಸುವ ಬಾರು ಅಂತ. ನನ್ನ ಗೆಳೆಯನೊಬ್ಬ ಮನೆಯಲ್ಲಿ "ನಾನು ಲೈವ್ ಬ್ಯಾಂಡಲ್ಲಿ ಬಾರಿಸ್ತೀನಿ" ಅಂದು ಅವರ ಅಪ್ಪನ ಹತ್ತಿರ ಒದೆ ತಿನ್ನುವುದು ಸ್ವಲ್ಪದರಲ್ಲಿ ತಪ್ಪಿತ್ತು. 2017ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ನಗರಸಭೆಯವರು ತಮ್ಮ ಕಾಯ್ದೆ ತೆಗೆದುಹಾಕಲು ಮತ ಹಾಕಿದರು. ಮೂರು ತಿಂಗಳಿಗೆ, 2018ರ ಜನವರಿಯಲ್ಲಿ, ನಮ್ಮ 2005ರ ಆದೇಶವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಇರಲಿ. ಕಾಯ್ದೆ ವಿಷಯ ಅಲ್ಲಿಗೆ ಬಿಡೋಣ. ನನ್ನನ್ನು ಹಿಡಿದದ್ದು ಬೇರೆ ಪ್ರಶ್ನೆ. ಇದು ಪಂಕ್ ಅಲ್ವಾ? ಪಂಕ್ ಅಂದರೆ ಸಿಟ್ಟು. ಹರಿದ ಬಟ್ಟೆ, ಮೂಗಿಗೆ ಪಿನ್ನು, ಎರಡು ನಿಮಿಷದ ಕೂಗಾಟ. ಅದನ್ನು ಹಾಕಿಕೊಂಡು ಯಾರಾದರೂ ಸೊಂಟ ಕುಣಿಸುತ್ತಾರಾ?

ನಾನು ಈ ಸಂಗೀತಕ್ಕೆ ಬಂದದ್ದು ಹಿಂದುಮುಂದಾಗಿ. ಮೊದಲು ಕೇಳಿದ್ದು 2004ರ ಫ್ರಾಂಝ್ ಫರ್ಡಿನಾಂಡ್. ಗ್ಲಾಸ್ಗೋದ ಹುಡುಗರು, ನೀಟಾಗಿ ಶರ್ಟ್ ಹಾಕಿಕೊಂಡು ಕತ್ತರಿ ಆಡಿಸಿದ ಹಾಗೆ ಗಿಟಾರ್ ನುಡಿಸುವವರು. ಹಾಸ್ಟೆಲ್ಲಿನಲ್ಲಿ ಯಾರೋ ಸೀಡಿ ಬರೆದು ಕೊಟ್ಟಿದ್ದರು. ಅದಾಗಿ ಎರಡು ವರ್ಷಕ್ಕೆ ಗ್ಯಾಂಗ್ ಆಫ್ ಫೋರ್ ಅನ್ನುವವರ 'ಎಂಟರ್‌ಟೇನ್‌ಮೆಂಟ್!' ಕೈಗೆ ಸಿಕ್ಕಿತು. ಕೇಳುತ್ತಲೇ "ಅರೆ, ಇವರು ಫ್ರಾಂಝ್ ಫರ್ಡಿನಾಂಡ್‌ನ ಕದ್ದಿದ್ದಾರೆ" ಅಂದುಕೊಂಡೆ. ಆಮೇಲೆ ಇಸವಿ ನೋಡಿದೆ. 1979. ಮೊಮ್ಮಗನ ಮೂಗು ನೋಡಿಕೊಂಡು ಬೆಳೆದವನು ಗೋಡೆಯ ಮೇಲಿನ ಅಜ್ಜನ ಫೋಟೋ ನೋಡಿ ಬೆಚ್ಚಿದ ಹಾಗಾಯಿತು.

ಆ 1979 ವಿಚಿತ್ರ ವರ್ಷ. ಅಮೆರಿಕದಲ್ಲಿ ಡಿಸ್ಕೋ ಅಂದರೆ ಒಂದು ಗುಂಪಿಗೆ ಆಗುತ್ತಿರಲಿಲ್ಲ. ಆ ವರ್ಷ ಜುಲೈ 12ರಂದು ಶಿಕಾಗೋದ ಕಮಿಸ್ಕಿ ಪಾರ್ಕ್‌ನಲ್ಲಿ ಒಂದರ ಹಿಂದೆ ಒಂದು ಎರಡು ಬೇಸ್‌ಬಾಲ್ ಪಂದ್ಯ ಇತ್ತು. ಒಂದು ಡಿಸ್ಕೋ ರೆಕಾರ್ಡ್ ತಂದರೆ ಟಿಕೆಟ್ಟು 98 ಸೆಂಟ್. ತಂದ ರೆಕಾರ್ಡುಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ ಮೈದಾನದ ಮಧ್ಯೆ ಇಟ್ಟು ಸಿಡಿಸಿದರು. ಜನ ಒಳಗೆ ನುಗ್ಗಿ ಹುಲ್ಲನ್ನೆಲ್ಲ ಕಿತ್ತರು. ಎರಡನೇ ಪಂದ್ಯ ನಡೆಯಲೇ ಇಲ್ಲ. ಡಿಸ್ಕೋ ಹೆಚ್ಚಾಗಿ ಕಪ್ಪು ಜನರ, ಲ್ಯಾಟಿನೋಗಳ, ಸಲಿಂಗಿಗಳ ಸಂಗೀತವಾಗಿತ್ತು. ಆ ಬೆಂಕಿಯಲ್ಲಿ ಬರೀ ಪ್ಲಾಸ್ಟಿಕ್ಕೇ ಉರಿದದ್ದು ಅಂತ ಹೇಳುವುದು ನನಗಂತೂ ಕಷ್ಟ.

ಸರಿಯಾಗಿ ಅದೇ ಹೊತ್ತಿಗೆ ಅಟ್ಲಾಂಟಿಕ್‌ನ ಎರಡೂ ದಂಡೆಯಲ್ಲಿ ಒಂದಷ್ಟು ಪಂಕ್ ಹುಡುಗರು, ಹುಡುಗಿಯರು ಸದ್ದಿಲ್ಲದೆ ಡಿಸ್ಕೋ ರೆಕಾರ್ಡು ತಂದು ಕೇಳುತ್ತಿದ್ದರು. ಡಿಸ್ಕೋ, ಕಪ್ಪು ಅಮೆರಿಕನ್ನರ ಫಂಕ್, ಜಮೈಕಾದ ಡಬ್, ಎಲ್ಲ ಬೇಸು ಮುಂದಿರುವ ಸಂಗೀತ. ಇಂಗ್ಲೆಂಡಿನಲ್ಲಿ ಪಂಕ್ 1976ರಲ್ಲಿ ಶುರುವಾದಾಗ ಎಲ್ಲ ಒಡೆದು ಹಾಕುತ್ತೇವೆ ಅಂದಿತ್ತು. ಎರಡೇ ವರ್ಷದಲ್ಲಿ ಗಿಟಾರಿನ ಅದೇ ಮೂರು ಸ್ವರಗುಚ್ಛ, ಅದೇ ವೇಗ, ಅದೇ ಉಗುಳುವುದು. ಬೇಜಾರಾಗಿತ್ತು.

ಲೀಡ್ಸ್ ಅನ್ನುವುದು ಇಂಗ್ಲೆಂಡಿನ ಉತ್ತರದ ಊರು. ಬಟ್ಟೆ ಗಿರಣಿಗಳ ಊರು, ಆಗ ಆ ಗಿರಣಿಗಳು ಮುಚ್ಚುತ್ತಿದ್ದವು. ನ್ಯಾಷನಲ್ ಫ್ರಂಟ್ ಅನ್ನುವ ಜನಾಂಗದ್ವೇಷಿ ಪಕ್ಷದವರು ಬೀದಿಯಲ್ಲಿ, ಪಬ್ಬಿನಲ್ಲಿ ಹೊಡೆದಾಡುತ್ತಿದ್ದರು. ಅಲ್ಲಿನ ವಿಶ್ವವಿದ್ಯಾಲಯದ ಸುತ್ತಮುತ್ತ, ಮುಖ್ಯವಾಗಿ ಅದರ ಚಿತ್ರಕಲೆ ವಿಭಾಗದಲ್ಲಿ, ಓದುತ್ತಿದ್ದ ಒಂದು ಗುಂಪಿನಿಂದ ಮೂರು ಬ್ಯಾಂಡು ಹುಟ್ಟಿದವು: ಮೀಕಾನ್ಸ್, ಡೆಲ್ಟಾ 5, ಗ್ಯಾಂಗ್ ಆಫ್ ಫೋರ್. ವಾದ್ಯಗಳನ್ನೂ ಒಬ್ಬರದು ಒಬ್ಬರು ಎರವಲು ಪಡೆದು ನುಡಿಸುತ್ತಿದ್ದರು. ಗ್ಯಾಂಗ್ ಆಫ್ ಫೋರ್‌ನಲ್ಲಿ ಹಾಡುವವನು ಜಾನ್ ಕಿಂಗ್, ಗಿಟಾರಿಗೆ ಆಂಡಿ ಗಿಲ್, ಬೇಸಿಗೆ ಡೇವ್ ಆಲನ್, ಡ್ರಮ್ಮಿಗೆ ಹ್ಯೂಗೋ ಬರ್ನಮ್.

ಆಂಡಿ ಗಿಲ್ ಗಿಟಾರನ್ನು ಒಂದು ಸಲ ಹೆಡ್‌ಫೋನ್ ಹಾಕಿಕೊಂಡು ಕೇಳಬೇಕು. ರಾಕ್ ಗಿಟಾರಿಗರಿಗೆ ಮೆತ್ತಗೆ ಬೆಚ್ಚಗೆ ಕೇಳಿಸುವ ವಾಲ್ವ್ ಆಂಪ್ಲಿಫೈಯರ್ ಅಂದರೆ ಪ್ರಾಣ. ಈ ಮನುಷ್ಯ ಒಣ ಸದ್ದಿನ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಆರಿಸಿಕೊಂಡ. ಸದ್ದು ತಗಡಿನ ಚೂರಿನ ಹಾಗೆ. ರಾಗ ಎಳೆಯುವುದಿಲ್ಲ. ಸೋಲೋ ಬರಬೇಕಾದ ಜಾಗದಲ್ಲಿ ನುಡಿಸುವುದನ್ನೇ ನಿಲ್ಲಿಸಿಬಿಡುತ್ತಾನೆ. ಕಚ್ ಕಚ್ ಅಂತ ನಾಲ್ಕು ಸಲ ಕೊಚ್ಚುತ್ತಾನೆ, ಸುಮ್ಮನಾಗುತ್ತಾನೆ. ಆ ಸುಮ್ಮನಾದ ಜಾಗದಲ್ಲಿ ಬೇಸು ಡ್ರಮ್ಮು ಎದ್ದು ಕಾಣುತ್ತವೆ. ನಿಮ್ಮ ಕಾಲು ಅಲ್ಲಾಡುವುದು ಅಲ್ಲಿ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇಡೀ ವಿಷಯದ ಬೇರು ಇಲ್ಲಿದೆ. ರಾಕ್‌ನಲ್ಲಿ ಡ್ರಮ್ಮರ್ ನಾಲ್ಕು ಎಣಿಕೆಯಲ್ಲಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಸ್ನೇರ್ ಅನ್ನುವ ಚಿಕ್ಕ ಡ್ರಮ್ಮಿನ ಮೇಲೆ ಜೋರಾಗಿ ಬಾರಿಸುತ್ತಾನೆ. ಅದಕ್ಕೆ ತಲೆ ಅಲ್ಲಾಡಿಸಬಹುದು. ಡಿಸ್ಕೋದಲ್ಲಿ ಕಾಲಲ್ಲಿ ಒದೆಯುವ ದೊಡ್ಡ ಡ್ರಮ್ಮು ನಾಲ್ಕೂ ಎಣಿಕೆಗೆ ಬೀಳುತ್ತದೆ. ಎರಡು ಪೆಟ್ಟಿನ ನಡುವೆ ಹೈ-ಹ್ಯಾಟ್ ತಟ್ಟೆಗಳು ಸ್ವಲ್ಪ ಬಾಯಿ ಬಿಟ್ಟು ಮುಚ್ಚಿಕೊಳ್ಳುತ್ತವೆ. ಧಂ-ತ್ಸ್, ಧಂ-ತ್ಸ್. ಧಂ ಅಂದಾಗ ಪಾದ ಕೆಳಗೆ, ತ್ಸ್ ಅಂದಾಗ ಮೇಲೆ. ಯಾರೂ ಕಲಿಸಬೇಕಿಲ್ಲ. ತಮಟೆಯವರು ಬೆಂಕಿಗೆ ಹಿಡಿದು ಕಾಯಿಸಿಕೊಂಡು ಬಂದು ಮೊದಲ ಪೆಟ್ಟು ಹಾಕಿದಾಗ ಯಾವ ಮೈಗೂ ಪಾಠ ಬೇಕಾಗುವುದಿಲ್ಲವಲ್ಲ, ಹಾಗೆ. ಡ್ಯಾನ್ಸ್-ಪಂಕ್‌ನವರು ಮಾಡಿದ್ದು ಇಷ್ಟು: ಹಾಡಿನ ಭಾರವನ್ನು ಗಿಟಾರಿನಿಂದ ಇಳಿಸಿ ಬೇಸಿನ ತಲೆಯ ಮೇಲೆ ಹೊರಿಸಿದರು. ಗಿಟಾರನ್ನು ತಾಳವಾದ್ಯ ಮಾಡಿದರು. ಮಿಕ್ಕಿದ್ದು ಖಾಲಿ ಬಿಟ್ಟರು.

ಗ್ಯಾಂಗ್ ಆಫ್ ಫೋರ್‌ನವರ ಸಾಹಿತ್ಯ ಮಾತ್ರ ಪೂರಾ ರಾಜಕೀಯ. ಸರಕು, ಸಂಬಳ, ಟೀವಿಯಲ್ಲಿ ಬರುವ ಯುದ್ಧ. 'ಅಟ್ ಹೋಮ್ ಹೀ ಈಸ್ ಎ ಟೂರಿಸ್ಟ್' ಅನ್ನುವ ಹಾಡಿನಲ್ಲಿ ಡಿಸ್ಕೋಗಳು ಹುಡುಗರಿಂದ ಹೇಗೆ ಲಾಭ ಮಾಡಿಕೊಳ್ಳುತ್ತವೆ ಅಂತ ಬೈಯುತ್ತಾರೆ. ಬೈಯುವುದು ಡಿಸ್ಕೋ ತಾಳದಲ್ಲೇ! 1979ರಲ್ಲಿ ಅದು ಚಾರ್ಟಿಗೆ ಹತ್ತಿತು, 'ಟಾಪ್ ಆಫ್ ದಿ ಪಾಪ್ಸ್' ಕಾರ್ಯಕ್ರಮಕ್ಕೆ ಕರೆ ಬಂತು. ಆ ಕಾಲದ ಇಂಗ್ಲೆಂಡಿನಲ್ಲಿ ಇದಕ್ಕಿಂತ ದೊಡ್ಡ ಟೀವಿ ಅವಕಾಶ ಒಂದು ಬ್ಯಾಂಡಿಗೆ ಇರಲಿಲ್ಲ. ಹಾಡಿನಲ್ಲಿ ಕಾಂಡೋಮಿಗೆ ಆಡುಮಾತಿನ ಒಂದು ಪದ ಇತ್ತು. ಅದನ್ನು ಬದಲಾಯಿಸಿ, 'ಕಸ' ಅನ್ನುವ ಅರ್ಥದ ಪದ ಹಾಕಿಕೊಳ್ಳಿ ಅಂತ ಬಿಬಿಸಿಯವರು ಹೇಳಿದರು. ಇವರು ಆಗುವುದಿಲ್ಲ ಅಂದು ಎದ್ದುಬಂದರು. ಹಾಡು 58ನೇ ಸ್ಥಾನದಿಂದ ಮೇಲೆ ಹೋಗಲಿಲ್ಲ. ಒಂದು ಪದಕ್ಕೆ! ನಾನಾಗಿದ್ದರೆ ಬದಲಾಯಿಸಿ ಹಾಡಿ ಬರುತ್ತಿದ್ದೆ ಅಂತ ಕಾಣುತ್ತದೆ. ಸಾಲ ತೀರಿಸಬೇಕಲ್ಲ.

ಅದೇ ವರ್ಷ ಲಂಡನ್ನಿನಲ್ಲಿ ಇನ್ನೊಂದು ಆಯಿತು. ಹೆಸರಾಂತ ಪಂಕ್ ಬ್ಯಾಂಡು ಸೆಕ್ಸ್ ಪಿಸ್ಟಲ್ಸ್ ಬಿಟ್ಟುಬಂದ ಜಾನ್ ಲೈಡನ್ ಹೊಸ ಬ್ಯಾಂಡು ಕಟ್ಟಿದ್ದ, ಪಬ್ಲಿಕ್ ಇಮೇಜ್ ಲಿಮಿಟೆಡ್. ಅವನ ತಾಯಿಗೆ ಕ್ಯಾನ್ಸರ್. ನನಗೊಂದು ಡಿಸ್ಕೋ ಹಾಡು ಬರೆದುಕೊಡು ಅಂತ ಆಕೆ ಮಗನನ್ನು ಕೇಳಿದ್ದಳಂತೆ. ಅವನು ಬರೆದದ್ದು 'ಡೆತ್ ಡಿಸ್ಕೋ'. ಕೆಳಗೆ ಜಾ ವಾಬಲ್‌ನ ಬೇಸು ಉರುಳುತ್ತಿರುತ್ತದೆ, ಗಿಟಾರು ಚೈಕೋವ್‌ಸ್ಕಿಯ 'ಸ್ವಾನ್ ಲೇಕ್' ಬ್ಯಾಲೆಯ ರಾಗವನ್ನು ಸೊಟ್ಟಗೆ ನುಡಿಸುತ್ತಿರುತ್ತದೆ, ಮಧ್ಯೆ ಲೈಡನ್ ಅಳುತ್ತಿದ್ದಾನೋ ಕೂಗುತ್ತಿದ್ದಾನೋ ತಿಳಿಯುವುದಿಲ್ಲ. ಇಂಗ್ಲಿಷ್ ಬರಹಗಳಲ್ಲಿ ಇದನ್ನು ಬಹಳ ವಿಚಿತ್ರ ಅನ್ನುವ ಹಾಗೆ ಬರೆಯುತ್ತಾರೆ. ಸಾವಿನ ಮುಂದೆ ಕುಣಿತವೇ ಅಂತ. ನಮ್ಮ ಕಡೆ ವಯಸ್ಸಾದವರ ಹೆಣದ ಮುಂದೆ ತಮಟೆ ಹೊಡೆದು ಕುಣಿಯುವುದನ್ನು ನೋಡಿ ಬೆಳೆದ ನನಗೆ ಆ ಹಾಡು ಮೊದಲ ಸಲಕ್ಕೇ ಅರ್ಥವಾಯಿತು.

ಈಗ ನ್ಯೂಯಾರ್ಕಿಗೆ ಬರೋಣ. ಅಲ್ಲಿ ಕೆಳಗಿನ ಮ್ಯಾನ್‌ಹಟನ್‌ನಲ್ಲಿ ಮಡ್ ಕ್ಲಬ್ ಅಂತ ಇತ್ತು, ಜೇಮ್ಸ್ ಚಾನ್ಸ್ ಅಂತ ಒಬ್ಬ ಸ್ಯಾಕ್ಸೋಫೋನ್ ನುಡಿಸುವವನಿದ್ದ. ಜನ ಕೈಕಟ್ಟಿ ನಿಂತು ನೋಡುತ್ತಿದ್ದರೆ ಅವನಿಗೆ ಸಹಿಸುತ್ತಿರಲಿಲ್ಲ. ವೇದಿಕೆಯಿಂದ ಇಳಿದುಬಂದು ಕೇಳುಗರ ಮೇಲೇ ಕೈ ಮಾಡುತ್ತಿದ್ದ. ಏಟು ತಿಂದೂ ಹೋಗುತ್ತಿದ್ದ. ಝೀ ರೆಕಾರ್ಡ್ಸ್‌ನವರು ಅವನಿಗೆ ದುಡ್ಡು ಕೊಟ್ಟು ಒಂದು ಡಿಸ್ಕೋ ಆಲ್ಬಮ್ ಮಾಡು ಅಂದರು, 1979ರಲ್ಲಿ ಮಾಡಿಕೊಟ್ಟ. ಅವನ ಬಗ್ಗೆ ಇಷ್ಟು ಸಾಕು. ನನಗೆ ಹೇಳಬೇಕಾಗಿರುವುದು ಸ್ಕ್ರಾಗಿನ್ಸ್ ಅಕ್ಕತಂಗಿಯರ ಬಗ್ಗೆ.

ಸೌತ್ ಬ್ರಾಂಕ್ಸ್, 1970ರ ದಶಕ. ನಗರಪಾಲಿಕೆ ದಿವಾಳಿಯ ಅಂಚಿನಲ್ಲಿ. ಬೀದಿಗೆ ಬೀದಿಯೇ ಸುಟ್ಟು ಕರಕಲಾಗಿತ್ತು. ಅಲ್ಲೊಬ್ಬ ತಾಯಿ. ಹೆಣ್ಣುಮಕ್ಕಳು ಬೀದಿಗೆ ಬಿದ್ದು ಹಾಳಾಗಬಾರದು ಅಂತ ಅವರಿಗೆ ವಾದ್ಯ ತಂದುಕೊಟ್ಟಳು. ರೆನೆ, ವ್ಯಾಲರಿ, ಡೆಬರಾ, ಮರೀ. ಹೇಳಿಕೊಡುವವರು ಯಾರೂ ಇಲ್ಲ. ಟೀವಿಯಲ್ಲಿ ಬರುವ ಸಂಗೀತದ ಕಾರ್ಯಕ್ರಮ ನೋಡಿ ನೋಡಿ ಕಲಿತರು. ಬ್ಯಾಂಡಿಗೆ ಇಎಸ್‌ಜಿ ಅಂತ ಹೆಸರಿಟ್ಟರು. ಎಮರಾಲ್ಡ್, ಸಫೈರ್, ಗೋಲ್ಡ್. ಪಚ್ಚೆ ಮತ್ತು ನೀಲ ಇಬ್ಬರು ಅಕ್ಕತಂಗಿಯರ ಜನ್ಮರತ್ನ. ಚಿನ್ನ ಯಾಕೆ ಅಂದರೆ, ರೆಕಾರ್ಡು ಲಕ್ಷಗಟ್ಟಲೆ ಮಾರಿದಾಗ ಕೊಡುವ ಗೋಲ್ಡ್ ಡಿಸ್ಕ್ ಬೇಕು ಅಂತ ಆಸೆ.

ರೆನೆ ಒಂದು ಮಾತು ಹೇಳಿಕೊಂಡಿದ್ದಾಳೆ. ಫಂಕ್ ಗಾಯಕ ಜೇಮ್ಸ್ ಬ್ರೌನ್‌ನ ಹಾಡುಗಳಲ್ಲಿ ಒಂದು ಜಾಗ ಬರುತ್ತದೆ. ತುತ್ತೂರಿ, ಗಿಟಾರು, ಎಲ್ಲ ಹಿಂದೆ ಸರಿದು ಬರೀ ಬೇಸು ಮತ್ತು ಡ್ರಮ್ಮು ಉಳಿಯುತ್ತವೆ. ಬ್ರಿಡ್ಜ್ ಅನ್ನುತ್ತಾರೆ. ಅವಳಿಗೆ ಹಾಡಿನಲ್ಲಿ ಎಲ್ಲಕ್ಕಿಂತ ಅದೇ ಇಷ್ಟ. ಆದರೆ ಅದು ಬೇಗ ಮುಗಿದುಹೋಗುತ್ತದಲ್ಲ! ಹಾಗಾದರೆ ಇಡೀ ಹಾಡನ್ನೇ ಯಾಕೆ ಆ ಜಾಗದಲ್ಲಿ ಮಾಡಬಾರದು? ಇಎಸ್‌ಜಿ ಮಾಡಿದ್ದು ಅದನ್ನೇ. ಒಂದು ಬೇಸ್ ಸಾಲು, ಡ್ರಮ್ಮು, ಕೈಯಲ್ಲಿ ಬಾರಿಸುವ ಕಾಂಗಾ, ಮೇಲೆ ನಾಲ್ಕು ಮಾತು. ಅಷ್ಟೆ. ತಿಳಿಸಾರಿನ ಹಾಗೆ ಸಂಗೀತ, ಅದರಲ್ಲಿ ಏನಿಲ್ಲವೋ ಅದೇ ರುಚಿ.

ಒಂದು ಭಾನುವಾರ ಮನೆಯಲ್ಲಿ 'ಮೂಡಿ' ಅನ್ನುವ ಅವರ ಹಾಡು ಹಾಕಿದ್ದೆ. ಅಮ್ಮ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಎರಡು ನಿಮಿಷ ಕೇಳಿದರು.

"ಹಾಡು ಯಾವಾಗ ಶುರುವಾಗತ್ತೆ?"

"ಆಗ್ಲೇ ಶುರುವಾಗಿದೆಯಮ್ಮ, ಮುಗೀತಾ ಬಂತು."

"ಓ," ಅಂದರು. ಇನ್ನೊಂದು ಸ್ವಲ್ಪ ಹೊತ್ತು ಬಿಟ್ಟು, "ಹಂಗಾದ್ರೆ ಮತ್ತೊಂದ್ಸಲ ಹಾಕು."

ಎಡ್ ಬಾಲ್‌ಮನ್ ಅನ್ನುವವನು ಒಂದು ಪ್ರತಿಭಾ ಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿ ಈ ಹುಡುಗಿಯರನ್ನು ನೋಡಿದ. ಗ್ರೀನಿಚ್ ವಿಲೇಜ್‌ನ ಮ್ಯಾಕ್‌ಡೂಗಲ್ ಬೀದಿಯಲ್ಲಿ, 99ನೇ ನಂಬರಿನ ಕಟ್ಟಡದಲ್ಲಿ ಅವನದೊಂದು ರೆಕಾರ್ಡ್ ಅಂಗಡಿ. ಅದರದೇ ಲೇಬಲ್ಲು, 99 ರೆಕಾರ್ಡ್ಸ್. ಅವನೇ ಅವರಿಗೆ ಕ್ಲಬ್ಬುಗಳಲ್ಲಿ ಅವಕಾಶ ಕೊಡಿಸಿದ. ಹುರ‍್ರಾ ಅನ್ನುವ ಕ್ಲಬ್ಬಿನಲ್ಲಿ ಮ್ಯಾಂಚೆಸ್ಟರಿನ ಎ ಸರ್ಟನ್ ರೇಷಿಯೋ ಬ್ಯಾಂಡಿಗಿಂತ ಮುಂಚೆ ಇವರು ನುಡಿಸಿದರು. ಅವರ ಜತೆ ಬಂದಿದ್ದ ಫ್ಯಾಕ್ಟರಿ ರೆಕಾರ್ಡ್ಸ್‌ನ ಟೋನಿ ವಿಲ್ಸನ್ ಕೇಳಿದ, ರೆಕಾರ್ಡ್ ಮಾಡ್ತೀರಾ ಅಂತ. ಜಾಯ್ ಡಿವಿಜನ್ ಬ್ಯಾಂಡಿಗೆ ಕೆಲಸ ಮಾಡಿದ್ದ ನಿರ್ಮಾಪಕ ಮಾರ್ಟಿನ್ ಹ್ಯಾನೆಟ್ ರೆಕಾರ್ಡ್ ಮಾಡಿಸಲು ಬಂದು ಕೂತ. ಎರಡು ಹಾಡು ಆಯಿತು. ಟೇಪಿನಲ್ಲಿ ಇನ್ನು ಮೂರು ನಿಮಿಷ ಉಳಿದಿದೆ, ಇನ್ನೊಂದು ಹಾಡು ಇದೆಯಾ ಅಂದರು. ಇತ್ತು. 'ಯುಎಫ್‌ಓ'. ಮೂರು ನಿಮಿಷಕ್ಕಿಂತ ಸ್ವಲ್ಪ ಕಡಿಮೆ. ಆ ರೆಕಾರ್ಡು 1981ರಲ್ಲಿ ಬಂತು.

'ಯುಎಫ್‌ಓ' ಶುರುವಾಗುವುದೇ ಒಂದು ಗೋಳಿಡುವ ಸದ್ದಿನಿಂದ. ಆಂಬುಲೆನ್ಸ್ ಹಾದಿ ತಪ್ಪಿ ಆಕಾಶಕ್ಕೆ ಹೋದ ಹಾಗೆ. ಬೇರೆ ಹಾಡುಗಳಲ್ಲಿ ನೀವು ಅದನ್ನು ಖಂಡಿತ ಕೇಳಿರುತ್ತೀರಿ. ಏಕೆಂದರೆ 1980ರ ದಶಕದ ಕೊನೆಯಿಂದ ಹಿಪ್‌ಹಾಪ್‌ನವರು ಅದನ್ನು ಕತ್ತರಿಸಿ ಅಂಟಿಸಿಕೊಂಡಿದ್ದಕ್ಕೆ ಲೆಕ್ಕವಿಲ್ಲ. ಪಬ್ಲಿಕ್ ಎನಿಮಿ, ಬಿಗ್ ಡ್ಯಾಡಿ ಕೇನ್, ಹೀಗೆ ನೂರಾರು ಹಾಡು. ಸುಮಾರು ಜನ ಕೇಳಲೂ ಇಲ್ಲ, ದುಡ್ಡೂ ಕೊಡಲಿಲ್ಲ. 1992ರಲ್ಲಿ ಅಕ್ಕತಂಗಿಯರು ಒಂದು ರೆಕಾರ್ಡು ತಂದರು. ಅದಕ್ಕೆ ಇಟ್ಟ ಹೆಸರು, 'ಸ್ಯಾಂಪಲ್ ಕ್ರೆಡಿಟ್ಸ್ ಡೋಂಟ್ ಪೇ ಅವರ್ ಬಿಲ್ಸ್'. ಹೆಸರು ಹಾಕಿದರೆ ಕರೆಂಟ್ ಬಿಲ್ ಕಟ್ಟಿದ ಹಾಗಾಗಲ್ಲ ಕಣ್ರೋ, ಅಂತ.

99 ರೆಕಾರ್ಡ್ಸ್‌ನ ಇನ್ನೊಂದು ಬ್ಯಾಂಡು ಲಿಕ್ವಿಡ್ ಲಿಕ್ವಿಡ್. ಅವರ ಕತೆ ಇನ್ನೂ ಕೆಟ್ಟದ್ದು. ಅವರದು 1983ರ 'ಕ್ಯಾವರ್ನ್' ಅನ್ನುವ ಹಾಡು. ಅದರ ಬೇಸ್ ಸಾಲನ್ನು ಹಾಗ್‌ಹಾಗೇ ನುಡಿಸಿ ಶುಗರ್ ಹಿಲ್ ರೆಕಾರ್ಡ್ಸ್‌ನವರು 'ವೈಟ್ ಲೈನ್ಸ್' ಅನ್ನುವ ಹಿಪ್‌ಹಾಪ್ ಹಾಡು ಮಾಡಿದರು. ಅದು ಜಗತ್ತೆಲ್ಲ ಹಿಟ್ಟಾಯಿತು. ಬಾಲ್‌ಮನ್ ಕೇಸು ಹಾಕಿದ. ವರ್ಷಗಟ್ಟಲೆ ಕೋರ್ಟಿಗೆ ಅಲೆದ, ಗೆದ್ದ. ಗೆದ್ದು ದುಡ್ಡು ತೆಗೆದುಕೊಳ್ಳೋಣ ಅನ್ನುವಷ್ಟರಲ್ಲಿ ಶುಗರ್ ಹಿಲ್ ದಿವಾಳಿ ಅರ್ಜಿ ಹಾಕಿತ್ತು. ಗೆದ್ದವನು ಸೋತ, ಸೋತವನು ಸತ್ತ ಅನ್ನುತ್ತಾರಲ್ಲ, ಹಾಗೆ. ಲೇಬಲ್ಲು ಮುಚ್ಚಿತು. ಬಾಲ್‌ಮನ್ ಸಂಗೀತದ ಸಹವಾಸವನ್ನೇ ಬಿಟ್ಟ.

ಅಲ್ಲಿಂದ ಮುಂದೆ ಹೆಚ್ಚುಕಡಿಮೆ 15 ವರ್ಷ ಈ ಸಂಗೀತದ ಸುಳಿವಿಲ್ಲ. ಪೂರ್ತಿ ಸತ್ತಿತ್ತು ಅಂತಲ್ಲ. ಅದಕ್ಕೆ ಮುಂಚೆಯೇ, 1982ರ ಮೇ ತಿಂಗಳಲ್ಲಿ, ಮ್ಯಾಂಚೆಸ್ಟರಿನಲ್ಲಿ ಹಸಿಯೆಂಡಾ ಕ್ಲಬ್ಬು ಬಾಗಿಲು ತೆರೆದಾಗ ಮೊದಲ ರಾತ್ರಿ ನುಡಿಸಿದ್ದು ಇದೇ ಇಎಸ್‌ಜಿ. ಅದೇ ಊರಿನ ನ್ಯೂ ಆರ್ಡರ್ ಬ್ಯಾಂಡಿನವರು ಮೆಷಿನ್ನಿನ ಕಡೆ ಹೋದರು. ಆಮೇಲೆ ಹೌಸ್ ಬಂತು, ಟೆಕ್ನೋ ಬಂತು, ಎರಡೂ ಮೆಷಿನ್ನಿನಲ್ಲೇ ಮಾಡುವ ಕುಣಿತದ ಸಂಗೀತ. ಕುಣಿಯುವವರು ಅತ್ತ ಹೋದರು. ಗಿಟಾರು ಕೇಳುವವರು ಇತ್ತ ಉಳಿದು ಕೈಕಟ್ಟಿಕೊಂಡರು. 1990ರ ದಶಕದ ಇಂಡೀ ರಾಕ್ ಕಾರ್ಯಕ್ರಮಗಳಲ್ಲಿ ಕುಣಿಯುವುದು ಅಂದರೆ ಸಂಗೀತ ಅರ್ಥವಾಗದವರ ಲಕ್ಷಣ ಅನ್ನುವ ಹಾಗಿತ್ತು. ಎಲ್ಲರೂ ಗಂಭೀರ. ಎದೆಯ ಮೇಲೆ ಕೈ, ತಲೆ ಮಾತ್ರ ಒಂದಿಂಚು ಹಿಂದೆ ಮುಂದೆ.

ಅಂಥ ಗಂಭೀರ ಜನರಲ್ಲಿ ಒಬ್ಬ ಜೇಮ್ಸ್ ಮರ್ಫಿ. ನ್ಯೂಜರ್ಸಿಯವನು, 1970ರಲ್ಲಿ ಹುಟ್ಟಿದವನು, ಸೌಂಡ್ ಇಂಜಿನಿಯರು. ಇಂಗ್ಲೆಂಡಿನಿಂದ ಬಂದಿದ್ದ ಟಿಮ್ ಗೋಲ್ಡ್ಸ್‌ವರ್ದಿ ಅವನಿಗೆ ಜತೆಯಾದ. ಜೊನಾಥನ್ ಗಾಲ್ಕಿನ್ ಸೇರಿಕೊಂಡ. ಮೂವರೂ 2001ರಲ್ಲಿ ಡಿಎಫ್‌ಎ ರೆಕಾರ್ಡ್ಸ್ ಶುರು ಮಾಡಿದರು. ಕುಣಿಯಲು ನಾಚುವ ಗಿಟಾರಿಗರನ್ನೂ, ಗಿಟಾರ್ ಕಂಡರೆ ಮುಖ ತಿರುಗಿಸುವ ಕ್ಲಬ್ಬಿನವರನ್ನೂ ಒಂದೇ ಕೋಣೆಗೆ ನೂಕುವುದು ಅವರ ಕೆಲಸ. 'ಹೌಸ್ ಆಫ್ ಜೆಲಸ್ ಲವರ್ಸ್' ತಯಾರಾದದ್ದು ಅಲ್ಲೇ. ಅದನ್ನು 12 ಇಂಚಿನ ರೆಕಾರ್ಡಾಗಿ ತಂದರು. ಅದು ಡೀಜೆಗಳು ಬಳಸುವ ಅಳತೆ. ಕ್ಲಬ್ಬುಗಳಲ್ಲಿ ಹೌಸ್ ಹಾಡುಗಳ ಮಧ್ಯೆ ಒಂದು ಪಂಕ್ ಬ್ಯಾಂಡು ಓಡತೊಡಗಿತು. ಆ ಗಂಟೆಯ ಮಹಿಮೆ! ನಮ್ಮಲ್ಲಿ ಅದನ್ನು ದನ ಕಾಡಿನಲ್ಲಿ ಕಳೆದುಹೋಗದಿರಲಿ ಅಂತ ಕಟ್ಟುತ್ತಾರೆ.

ಹಳೆಯ ಹಾಡುಗಳೂ ಸರಿಯಾಗಿ ಅದೇ ಹೊತ್ತಿಗೆ ಮತ್ತೆ ಅಂಗಡಿಗೆ ಬಂದವು. 2000ದಲ್ಲಿ ಇಎಸ್‌ಜಿಯ ಸಂಕಲನ 'ಎ ಸೌತ್ ಬ್ರಾಂಕ್ಸ್ ಸ್ಟೋರಿ'. 2003ರಲ್ಲಿ ಆ ಕಾಲದ ಹಲವು ಬ್ಯಾಂಡುಗಳ ಸಂಕಲನ 'ನ್ಯೂಯಾರ್ಕ್ ನಾಯ್ಸ್'. ಅಲ್ಲಿಯವರೆಗೆ ಹಳೆ ರೆಕಾರ್ಡ್ ಅಂಗಡಿಗಳಲ್ಲಿ ಧೂಳು ಕುಡಿಯುತ್ತಾ ಹುಡುಕುವವರ ಗುಟ್ಟಾಗಿದ್ದದ್ದು ಯಾರಿಗೆ ಬೇಕಾದರೂ ಸಿಕ್ಕಿತು. ಈ ಗುಟ್ಟು ಬಯಲಾದ ಸಂಕಟದ ಮೇಲೇ ಮರ್ಫಿ ತನ್ನ ಬ್ಯಾಂಡು ಎಲ್‌ಸಿಡಿ ಸೌಂಡ್‌ಸಿಸ್ಟಮ್‌ನ ಮೊದಲ ಹಾಡು ಮಾಡಿದ, 2002ರ 'ಲೂಸಿಂಗ್ ಮೈ ಎಡ್ಜ್'. ಮೂವತ್ತು ದಾಟಿದ ಒಬ್ಬ ಡೀಜೆ. ನಾನು ಅಲ್ಲಿದ್ದೆ, ನಾನು ಮೊದಲು ಕೇಳಿದ್ದೆ ಅಂತ ಕೊಚ್ಚಿಕೊಳ್ಳುತ್ತಾನೆ. ಹಿಂದಿನಿಂದ ಚಿಕ್ಕ ಹುಡುಗರು ಬರುತ್ತಿದ್ದಾರೆ, ಅವರಿಗೆ ಎಲ್ಲ ಗೊತ್ತು, ನೋಡಲೂ ಚೆನ್ನಾಗಿದ್ದಾರೆ, ಒಳ್ಳೆಯವರೂ ಹೌದು. ಕೊನೆಗೆ ಮನುಷ್ಯ ಬ್ಯಾಂಡುಗಳ ಹೆಸರನ್ನು ಸಹಸ್ರನಾಮದ ಹಾಗೆ ಒಂದೇ ಉಸಿರಿಗೆ ಹೇಳುತ್ತಾ ಹೋಗುತ್ತಾನೆ. ನಾನು ಮೊದಲ ಸಲ ಕೇಳಿದಾಗ ಆ ಪಟ್ಟಿಯಲ್ಲಿ ನನಗೆ ಗೊತ್ತಿರುವ ಹೆಸರು ಎಷ್ಟು ಅಂತ ಎಣಿಸಿದೆ. ಎಣಿಸಿ ಮುಗಿಸಿದ ಮೇಲೆ ಹೊಳೆಯಿತು, ಹಾಡು ಗೇಲಿ ಮಾಡುತ್ತಿರುವುದು ಹೀಗೆ ಎಣಿಸುವವರನ್ನೇ ಅಂತ.

ಮೊದಲ ಸುತ್ತಿನವರಿಗೂ ಎರಡನೇ ಸುತ್ತಿನವರಿಗೂ ನನಗೆ ಕಾಣುವ ವ್ಯತ್ಯಾಸ ಇಲ್ಲಿದೆ. ಸ್ಕ್ರಾಗಿನ್ಸ್ ಹುಡುಗಿಯರು ಖಾಲಿ ಬಿಟ್ಟದ್ದು ಹಾಡಿನಲ್ಲಿ ತಮಗೆ ಬೇಕಾದದ್ದು ಅಷ್ಟೇ ಆಗಿತ್ತು ಅಂತ, ಕೈಯಲ್ಲಿದ್ದ ವಾದ್ಯವೂ ಅಷ್ಟೇ ಇತ್ತು ಅಂತ. ಗಿಲ್ ಖಾಲಿ ಬಿಟ್ಟದ್ದು ಹಟಕ್ಕೆ. ಮರ್ಫಿಯ ಕಾಲದವರಿಗೆ ಎಲ್ಲ ಇತ್ತು. ಕಂಪ್ಯೂಟರು, ಸ್ಟುಡಿಯೋ, ಇಪ್ಪತ್ತು ವರ್ಷದ ರೆಕಾರ್ಡುಗಳ ರಾಶಿ. ಅವರು ಲೆಕ್ಕ ಹಾಕಿ ಖಾಲಿ ಬಿಟ್ಟರು. ತಪ್ಪೇನಿಲ್ಲ, ಮರ್ಫಿಯ ಹಾಡುಗಳಂತೂ ನನಗೆ ಪ್ರಾಣ. ಆದರೆ 2004-05ರ ಹೊತ್ತಿಗೆ ಲಂಡನ್ನಿನಲ್ಲಿ ಪ್ರತಿ ಎರಡನೇ ಬ್ಯಾಂಡು ಆ ತ್ಸ್-ತ್ಸ್ ಹೈ-ಹ್ಯಾಟು, ಆ ಕತ್ತರಿ ಗಿಟಾರು ಹಿಡಿದುಕೊಂಡು ಬಂತು. ಗಿಲ್‌ನ ಗಿಟಾರು ಸಿಕ್ಕಿತ್ತು, ಟೀವಿ ಸ್ಟುಡಿಯೋದಿಂದ ಎದ್ದುಬಂದ ಆ ಸಿಟ್ಟು ಸಿಕ್ಕಿರಲಿಲ್ಲ. ಎಲ್ಲೆಲ್ಲೂ ಇದ್ದ ಸದ್ದು ಮೂರೇ ವರ್ಷಕ್ಕೆ ಹಳೇ ಕ್ಯಾಲೆಂಡರಿನ ಹಾಗಾಯಿತು.

ಅಜ್ಜಂದಿರಿಗೆ ಮಾತ್ರ ಇದರಿಂದ ಸ್ವಲ್ಪ ಒಳ್ಳೆಯದಾಯಿತು. ಗ್ಯಾಂಗ್ ಆಫ್ ಫೋರ್‌ನ ನಾಲ್ವರೂ ಮತ್ತೆ ಸೇರಿದರು. 2005ರಲ್ಲಿ ತಮ್ಮ ಹಳೆಯ ಹಾಡುಗಳನ್ನು ತಾವೇ ಹೊಸದಾಗಿ ರೆಕಾರ್ಡ್ ಮಾಡಿ 'ರಿಟರ್ನ್ ದಿ ಗಿಫ್ಟ್' ಅಂತ ತಂದರು. ಆಂಡಿ ಗಿಲ್ 2020ರ ಫೆಬ್ರವರಿ 1ರಂದು ತೀರಿಕೊಂಡ. ಅದೇ ವರ್ಷ ರನ್ ದಿ ಜ್ಯುವೆಲ್ಸ್ ಅನ್ನುವ ಹಿಪ್‌ಹಾಪ್ ಜೋಡಿಯ ಹಾಡೊಂದರಲ್ಲಿ ಅವನ ಗಿಟಾರು ಬಂತು. ಲಿಕ್ವಿಡ್ ಲಿಕ್ವಿಡ್‌ನವರಿಗೆ 2011ರ ಏಪ್ರಿಲ್ 2ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನುಡಿಸುವ ಅವಕಾಶ ಸಿಕ್ಕಿತು. ಅದು ಎಲ್‌ಸಿಡಿ ಸೌಂಡ್‌ಸಿಸ್ಟಮ್‌ನ ವಿದಾಯದ ಕಾರ್ಯಕ್ರಮ. ಸಾವಿರಾರು ಜನ ಅತ್ತು ಕಳಿಸಿಕೊಟ್ಟರು. ಐದು ವರ್ಷಕ್ಕೆ ಮರ್ಫಿ ವಾಪಸ್ ಬಂದ. ಅತ್ತವರಲ್ಲಿ ಕೆಲವರಿಗೆ ಸಿಟ್ಟೇ ಬಂತು. ನ್ಯಾಯವೇ.

ರೆನೆ ಸ್ಕ್ರಾಗಿನ್ಸ್ ಆಮೇಲೂ ತನ್ನ ಮಕ್ಕಳನ್ನು ಬ್ಯಾಂಡಿಗೆ ಸೇರಿಸಿಕೊಂಡು ಊರೂರು ತಿರುಗಿದಳು. ಅವಳ ಅಮ್ಮ ತಂದುಕೊಟ್ಟ ವಾದ್ಯದ ಕತೆ ಮೊಮ್ಮಕ್ಕಳವರೆಗೆ ಬಂತು.

ಎರಡು ವರ್ಷದ ಹಿಂದೆ ಇಂದಿರಾನಗರದಲ್ಲಿ ಒಂದು ಕಾರ್ಯಕ್ರಮಕ್ಕೆ ಹೋಗಿದ್ದೆ. ಇಪ್ಪತ್ತೆರಡು ಇಪ್ಪತ್ಮೂರರ ಹುಡುಗರ ಬ್ಯಾಂಡು. ಬೇಸ್ ನುಡಿಸುವ ಹುಡುಗಿ ಒಂದೇ ಸಾಲನ್ನು ಹಿಡಿದುಕೊಂಡು ಬಿಡುತ್ತಲೇ ಇಲ್ಲ, ಗಿಟಾರಿನವನು ಕೊಚ್ಚುತ್ತಾನೆ, ನಿಲ್ಲಿಸುತ್ತಾನೆ. ಎಲ್ಲಿಂದ ಬಂತು ಅಂತ ನನಗೆ ತಕ್ಷಣ ಗೊತ್ತಾಯಿತು. ಹೋಗಿ ಹೇಳೋಣ ಅನ್ನಿಸಿತು, "1979ರಲ್ಲಿ..." ಅಂತ. ಸದ್ಯ, ಬಾಯಿ ಮುಚ್ಚಿಕೊಂಡೆ.

ಅವತ್ತು ಅಲ್ಲಿ ಬೋರ್ಡು ಇರಲಿಲ್ಲ. ತಡೆಯಲು ಯಾವ ವೇಟರೂ ಬರಲಿಲ್ಲ. ಆದರೂ ಅಷ್ಟೂ ಜನ ಫೋನ್ ಎತ್ತಿ ಹಿಡಿದು ನಿಂತಿದ್ದರು. ನಾನು ಕೈಕಟ್ಟಿ ನಿಂತಿದ್ದೆ, ನಲವತ್ತು ದಾಟಿದವರು ನಿಲ್ಲುವ ಹಾಗೆ. ಮೂರನೇ ಹಾಡಿಗೆ ಡ್ರಮ್ಮಿನವನು ಉಳಿದವರಿಗೆ ಕಣ್ಣು ಮಿಟುಕಿಸಿದ. ಗಿಟಾರು ನಿಂತಿತು, ಹಾಡುವವಳು ನಿಲ್ಲಿಸಿದಳು, ಬರೀ ಬೇಸು ಮತ್ತು ಧಂ-ತ್ಸ್ ಉಳಿಯಿತು. ಮುಂದಿನ ಸಾಲಿನಲ್ಲಿ ಒಬ್ಬಳು ಫೋನನ್ನು ಜೇಬಿಗೆ ಹಾಕಿಕೊಂಡಳು.